ಅಪ್ಪಯ್ಯ ಹೊರಟ ಮೇಲೆ ಬಳಿದ ನೆಲ

ಆ ಕೋಣೆಯ ಕಿಟಕಿ ಯಾವ ದಿಕ್ಕಿಗಿತ್ತು ಎಂದು ಕೇಳಿದರೆ ಈಗ ಹೇಳಲಾರೆ. ಅಂದು ಬುಧವಾರವೆಂದು ದಿನಚರಿಯಲ್ಲಿದೆ. ಬರೆದದ್ದು ಎಷ್ಟೋ ದಿನ ಕಳೆದ ಮೇಲೆ, ಅದೂ ಅಳುತ್ತ. ಹಾಗಾಗಿ ವಾರವನ್ನೂ ನಂಬಬೇಕಾಗಿಲ್ಲ. ನೆಲ ಮಾತ್ರ ಚೆನ್ನಾಗಿ ನೆನಪಿದೆ.

ಕಾಲೇಜು ಓದಲು ನಾನೂ ನನ್ನ ಗೆಳತಿಯೂ ಮಂಗಳೂರಿನಲ್ಲಿ ಒಬ್ಬ ವಿಧವೆಯ ಮನೆಯ ಹಿಂದಿನ ಕೋಣೆಯಲ್ಲಿದ್ದೆವು. ಮಣ್ಣಿನ ನೆಲ. ವಾರಕ್ಕೊಮ್ಮೆ ಸೆಗಣಿಗೆ ಸುಟ್ಟ ತೆಂಗಿನ ಗೆರಟೆಯ ಕರಿ ಕಲಸಿ, ಅಡಿಕೆ ಹಾಳೆಯ ತುಂಡಿನಿಂದ ಬಳಿಯಬೇಕು. ಇಲ್ಲದಿದ್ದರೆ ನೆಲ ಎದ್ದು ಪುಡಿಯಾಗುತ್ತದೆ. ಪರೀಕ್ಷೆಯ ಗಡಿಬಿಡಿಯಲ್ಲಿ ಮೂರು ವಾರ ನಾವು ಬಳಿದಿರಲಿಲ್ಲ. ಪುಸ್ತಕದ ಮೇಲೆ ಧೂಳು, ಅನ್ನದಲ್ಲಿ ಧೂಳು, ಮೂಲೆಯಲ್ಲಿ ಇರುವೆ. ನಾಳೆ, ನಾಳೆ ಎನ್ನುತ್ತಿದ್ದೆವು.

ನದಿಯಾಚೆ ಉಳ್ಳಾಲದ ಕಡೆ ದೇವಸ್ಥಾನದ ಪೂಜೆ ಮಾಡುತ್ತಿದ್ದ ಅಪ್ಪಯ್ಯ ನನ್ನನ್ನು ಕಳಿಸುವಾಗ ಒಂದೇ ಮಾತು ಹೇಳಿದ್ದರು: "ಒಮ್ಮೆ ಬಂದು ನೋಡುತ್ತೇನೆ. ಮನೆ ಮನೆಯ ಹಾಗೆ ಇದ್ದರೆ ಓದು. ಇಲ್ಲದಿದ್ದರೆ ಬಾ." ಶನಿವಾರ ಬರುತ್ತೇನೆಂದು ಕಾಗದ ಹಾಕಿದವರು, ಬುಧವಾರವೇ ತಮ್ಮ ತಂಗಿಯನ್ನು, ಎಂದರೆ ನನ್ನ ಅತ್ತೆಯನ್ನು, ಕರೆದುಕೊಂಡು ಬಂದುಬಿಟ್ಟರು.

ಇದ್ದ ಎರಡು ಚಾಪೆಗಳನ್ನು ನೆಲ ಕಿತ್ತುಹೋದ ಜಾಗಕ್ಕೆ ಹಾಸಿದೆವು. ಅಪ್ಪಯ್ಯ ಅಂಚು ಎತ್ತಿ ನೋಡಿದರೋ, ಕಾಲು ತಾಗಿ ಚಾಪೆಯೇ ಮಗುಚಿತೋ, ಎರಡನ್ನೂ ಕಂಡ ಹಾಗೆ ನೆನಪು.

"ಇದೆಂತ ಮಗಾ, ಇಲ್ಲಿ ಗದ್ದೆ ಉಳುವುದು ಉಂಟಾ?" ಎಂದು ಅತ್ತೆ ನಕ್ಕರು.

ಅಪ್ಪಯ್ಯ ನಗಲಿಲ್ಲ. ಊಟ ಮುಗಿಸಿ, "ಮನೆಗೆ ಹೋಗಿ ಕಾಗದ ಬರೆಯುತ್ತೇನೆ" ಎಂದು ದೋಣಿ ಹಿಡಿಯಲು ಹೊರಟರು.

ಕಾಲೇಜು ಹೋಯಿತು ಎನಿಸಿತು. ಹುಚ್ಚು ಹಿಡಿದವಳ ಹಾಗೆ ಮನೆಯೊಡತಿಯ ದನದ ಹಟ್ಟಿಗೆ ಓಡಿ ಸೆಗಣಿ ತಂದೆ.

"ಸ್ವಲ್ಪ ತಡಿ ಮಾರಾಯ್ತಿ, ಅವರು ದೋಣಿಯಾದರೂ ಹತ್ತಲಿ" ಎಂದಳು ಗೆಳತಿ.

ಕೇಳಲಿಲ್ಲ. ಅಳುತ್ತ ಹಿಂದಿನ ಗೋಡೆಯಿಂದ ಬಾಗಿಲಿನವರೆಗೂ ಬಳಿದೆ. ಯಾರಿಗೆ ತೋರಿಸಲು? ಈಗಲೂ ಗೊತ್ತಿಲ್ಲ.

ತಲೆ ಎತ್ತಿದರೆ ಬಾಗಿಲಲ್ಲಿ ಅತ್ತೆ. ಎಲೆಯಡಿಕೆ ಚೀಲ ಮರೆತು ಅರ್ಧ ದಾರಿಯಿಂದ ಒಬ್ಬರೇ ಮರಳಿದ್ದರು. ಒದ್ದೆ ನೆಲ ಕಂಡು ಅವರ ಮುಖ ಬಿಳಿಚಿತು.

"ಅಣ್ಣ ಮೆಟ್ಟಿಲು ಇಳಿದದ್ದಷ್ಟೆ, ಅವನ ಬೆನ್ನಿಗೇ ನೆಲ ಬಳಿಯುವುದಾ? ಹೆಣ ಎತ್ತಿದ ಮನೆಯಲ್ಲಿ ಮಾಡುವ ಕೆಲಸ ಇದು!"

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಯಾರಾದರೂ ಪ್ರಯಾಣ ಹೊರಟರೆ, ಅವರು ಊರು ಮುಟ್ಟಿರಬಹುದು ಎನ್ನುವ ತನಕ ಅಮ್ಮ ಗುಡಿಸುವ ಹಿಡಿಸೂಡಿಯನ್ನು ಸಹ ಮುಟ್ಟುತ್ತಿರಲಿಲ್ಲ.

"ಅಪ್ಪಯ್ಯನಿಗೆ ಹೇಳಬೇಡಿ ಅತ್ತೆ" ಎಂದೆ. ಸೆಗಣಿಯ ಕೈಯಲ್ಲಿ ಅವರ ಕಾಲು ಹಿಡಿಯಲೂ ಆಗಲಿಲ್ಲ. ಗೆಳತಿ ಚೀಲ ಕೊಟ್ಟಳು. ಅತ್ತೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದೋಣಿಯ ಕಡೆ ನಡೆದರು.

ಎಂಟು ದಿನಕ್ಕೆ ಕಾಗದ ಬಂತು: "ಪರೀಕ್ಷೆ ಮುಗಿದ ಕೂಡಲೇ ಪೆಟ್ಟಿಗೆ ಸಮೇತ ಬಾ." ಕಾರಣ ಬರೆದಿರಲಿಲ್ಲ. ಮುಂದೆ ಮದರಾಸಿನಲ್ಲಿ ಪದವಿ ಪಡೆದೆ, ನಿಜ. ಆದರೆ ನಡುವಿನ ಮೂರು ವರ್ಷ, ಪುಸ್ತಕವಿಲ್ಲದೆ, ಊರಿನ ಮನೆಯ ನೆಲ ಬಳಿಯುತ್ತ ಹೇಗೆ ಬದುಕಿದೆನೋ. ಅಪ್ಪಯ್ಯನನ್ನು ಕೇಳುವ ಧೈರ್ಯ ಬರುವಷ್ಟರಲ್ಲಿ ಅವರು ಇರಲಿಲ್ಲ.

ಕಳೆದ ತಿಂಗಳು ಅತ್ತೆಯನ್ನೇ ಕೇಳಿದೆ. ಅಡಿಕೆ ಕತ್ತರಿಸುತ್ತಿದ್ದ ಅವರ ಕೈ ಒಂದು ಕ್ಷಣ ನಿಂತಿತು, ಮತ್ತೆ ಕತ್ತರಿಸತೊಡಗಿತು. ನಾನು ಕೇಳಿದ್ದು ಇಷ್ಟೇ:

"ದೋಣಿಯಲ್ಲಿ ಅಪ್ಪಯ್ಯನಿಗೆ ಹೇಳಿದಿರಾ ಅತ್ತೆ? ನನ್ನ ಓದು ನಿಂತದ್ದು ನೆಲ ಬಳಿಯದ್ದಕ್ಕೋ, ಬಳಿದದ್ದಕ್ಕೋ?"