ಮೊಟ್ಟೆಯಿಲ್ಲದ ಟ್ರೇ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಮ್ಮತ್ತೆ ಮೊಟ್ಟೆಯ ಟ್ರೇ ಒಂದನ್ನು ಹಿತ್ತಲ ಗೋಡೆಯಾಚೆ ಎಸೆದರು. ಅದರಲ್ಲಿ ಮೊಟ್ಟೆ ಇರಲಿಲ್ಲ. ಮಗಳು ಗಾಜಿನ ತೊಟ್ಟಿಯಲ್ಲಿ ಸಾಕಿರುವ ಅರೋವಾನ ಮೀನಿನ ಊಟಕ್ಕೆಂದು ನಾನು ಡಬ್ಬಿಯಲ್ಲಿ ಸಾಕುವ ಜೀರುಂಡೆಗಳೆಲ್ಲ, ಅವುಗಳಿಗೆ ಅಡಗಲೆಂದು ನಾನೇ ಡಬ್ಬಿಯೊಳಗೆ ಇಟ್ಟಿದ್ದ ಆ ಟ್ರೇಯ ಗುಳಿಗಳಲ್ಲಿ ಕೂತಿದ್ದವು.

“ಅತ್ತಿ, ಅದರಾಗ ಹುಳ ಇದ್ದವಲ್ಲರಿ,” ಎಂದೆ.

“ಹುಳ ಇದ್ರ ಇರ್ಲಿ ಬಿಡವಾ. ಲಿಂಗ ಕಟ್ಕೊಂಡವರ ಮನ್ಯಾಗ ತತ್ತಿ ಟ್ರೇ ಕಂಡ್ರ ಮಂದಿ ಏನಂತಾರ?”

ಗೋಡೆಯಾಚೆ ಇರುವುದು ಸೀರೆ ನೇಯುವ ಪದ್ಮಕ್ಕನ ಮನೆ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿದೆ, ನೂಲಿಗೆ ಗಂಜಿ ಹಾಕಿದ್ದಾರೆ. ಹಸಿದ ಜೀರುಂಡೆ ಬಟ್ಟೆಯನ್ನೇ ಕಡಿಯುತ್ತದೆ, ಇನ್ನು ಗಂಜಿ ಕುಡಿದ ನೂಲನ್ನು ಬಿಟ್ಟೀತೇ? ಅತ್ತೆಯನ್ನು ದೂರಬೇಕೋ, ಆ ಟ್ರೇ ಏಕೆಂದು ಅವರಿಗೆ ಹೇಳದೇ ಇದ್ದ ನನ್ನನ್ನೋ? ಯೋಚಿಸುತ್ತಲೇ ಬರಿಗಾಲಲ್ಲಿ ಓಡಿದೆ.

ಪದ್ಮಕ್ಕ ಹಿತ್ತಲಲ್ಲಿ ನಗುತ್ತ ನಿಂತಿದ್ದರು.

“ಮಗ್ಗದ ಕಡಿ ಒಂದೂ ಬಂದಿಲ್ಲರಿ ಮೇಡಂ. ನಮ್ಮ ಕೋಳಿಗೋಳಿಗೆ ಇವತ್ತು ದಾವತ್. ದಿನಾ ಒಂದು ಟ್ರೇ ಒಗೀರಿ ಅಂತ ನಿಮ್ಮತ್ತಿಗೆ ಹೇಳ್ರಿ.”

ಹೋದ ಜೀವ ಬಂದಂತಾಯಿತು. ಮೀನಿನ ಚಿಂತೆಯೂ ಇಲ್ಲ. ಡಬ್ಬಿಯ ಮೂಲೆಯಲ್ಲಿ ಜೀರುಂಡೆಗಳಿಗೆಂದೇ ಇಟ್ಟಿದ್ದ ಒದ್ದೆ ಮರಳಿನ ಬಟ್ಟಲು ಹಾಗೇ ಉಳಿದಿದೆ. ಹೊಸ ಮರಿಗಳು ಬಂದು ಬಲಿಯುವವರೆಗೆ ಮೀನು ಅಂಗಡಿಯ ಒಣ ಆಹಾರ ತಿಂದುಕೊಂಡಿರಲಿ.

ಮನೆ ಶುದ್ಧವಾಯಿತೆಂದು ಅತ್ತೆ ವಿಭೂತಿ ಹಚ್ಚಿಕೊಂಡು ನೆಮ್ಮದಿಯಾಗಿ ಪೂಜೆಗೆ ಕೂತಿದ್ದಾರೆ. ಆ ಮರಳಿನ ತುಂಬ ಮೊಟ್ಟೆಗಳಿವೆ ಎಂದು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.