ಉಸ್ತಾದರ ಅಂಗಡಿಯಲ್ಲಿ ಉಳಿದ ಮೇಜು

ಹುಮನಾಬಾದಿನ ನಮ್ಮ ಮನೆಯ ಮುಂದಿನ ಕೋಣೆ ಅಪ್ಪನ ಕಚೇರಿಯಾಗಿತ್ತು. ಅವರು ವಕೀಲರು. ಕೋಣೆಯ ಮುಕ್ಕಾಲು ಪಾಲನ್ನು ಒಂದು ಇಂಗ್ಲಿಷ್ ಮಾದರಿಯ ಬರವಣಿಗೆ ಮೇಜು ಹಿಡಿದಿತ್ತು. ಮೇಲೆ ಹಸಿರು ಚರ್ಮ, ಎರಡೂ ಕಡೆ ಹಿತ್ತಾಳೆ ಹಿಡಿಕೆಯ ಖಾನೆಗಳು. ಹೈದರಾಬಾದಿನಲ್ಲಿ ಯಾವನೋ ದೊರೆಯ ಬಂಗಲೆಯ ಸಾಮಾನು ಹರಾಜಾದಾಗ ಅಜ್ಜ ತಂದದ್ದಂತೆ. ಉಳಿದ ಕಾಲುಪಾಲಿನಲ್ಲಿ ಅಪ್ಪ ಮತ್ತು ಕಕ್ಷಿದಾರರು ಕೂರುತ್ತಿದ್ದರು.

ತೊಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಮೇಜಿನ ಒಂದು ಕಾಲಿಗೆ ಗೆದ್ದಲು ಹಿಡಿಯಿತು. ಊರಿನ ಬಡಿಗರು ಬಂದು ನೋಡಿ, ಹೊಸದು ಬೇಕಾದರೆ ಮಾಡಿಕೊಡುತ್ತೇವೆ, ಇದನ್ನು ಮುಟ್ಟುವುದಿಲ್ಲ ಎಂದರು. ಬಸವಕಲ್ಯಾಣದ ಕೋಟೆಯ ಹತ್ತಿರದ ಓಣಿಯಲ್ಲಿ ಹಳೆಯ ಸಾಮಾನು ದುರಸ್ತಿ ಮಾಡುವ ಒಬ್ಬ ಉಸ್ತಾದರಿದ್ದರು. ಜೋಳದ ಚೀಲ ಹೇರಿದ್ದ ಟೆಂಪೊದಲ್ಲಿ ಮೇಜು ಅಲ್ಲಿಗೆ ಹೋಯಿತು.

ಬಹಳ ದಿನವಾದರೂ ಸುದ್ದಿಯಿಲ್ಲ. ಒಂದು ಭಾನುವಾರ ಅಪ್ಪ ವಿಚಾರಿಸಲು ಹೋದರು. ಹುಳುಕು ಕಾಲನ್ನು ಕತ್ತರಿಸಿ ತೆಗೆದಾಗಿತ್ತು. ಅದರ ಜಾಗದಲ್ಲಿ ಇಟ್ಟಿಗೆಗಳಿದ್ದವು.

“ಹಳೇ ಲಕಡಿಗೆ ಹಳೇ ಲಕಡಿನೇ ಬೇಕ್ರಿ, ವಕೀಲ ಸಾಹೇಬ್ರ,” ಎಂದರು ಉಸ್ತಾದರು. “ಹುಲಸೂರದಾಗ ಒಂದು ವಾಡೆ ಕೆಡವೋರಿದ್ದಾರ. ಅದರ ಸಾಗವಾನಿ ತೊಲಿ ಕೈಗೆ ಬರಲಿ. ಕುಂದ್ರಿ, ಚಾ ಕುಡೀರಿ.”

ವಾಡೆಯವರು ತಮ್ಮ ಹಳೆಯ ದೊಡ್ಡ ಮನೆ ಕೆಡವಲು ಅವಸರ ಮಾಡಲಿಲ್ಲ. ಅಪ್ಪ ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗಿ ತಗಾದೆ ಮಾಡಿ ಬರುತ್ತಿದ್ದರು. ಮೊದಮೊದಲು ನಿಂತುಕೊಂಡೇ ತಗಾದೆ ಮಾಡಿದರು. ಆಮೇಲೆ ಕೂತು ಮಾಡಿದರು. ಸುಮ್ಮನೆ ಕೂರುವುದೇಕೆಂದು ಫೈಲು ಒಯ್ಯತೊಡಗಿದರು. ಕ್ರಮೇಣ ಬಸವಕಲ್ಯಾಣದ ಕಕ್ಷಿದಾರರು ಅಲ್ಲಿಗೇ ಬರತೊಡಗಿದರು. ತಗಾದೆ ನಿಂತುಹೋಯಿತು.

ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ಘಾಟಬೋರಾಳದ ಅಣ್ಣತಮ್ಮಂದಿರಿಬ್ಬರು ಹೊಲ ಪಾಲು ಮಾಡಿಕೊಳ್ಳಲು ಬಂದು ಜಗಳವಾಡುತ್ತಿದ್ದರು. ಉಸ್ತಾದರು ಒಂದು ಉದ್ದನೆಯ ಹಲಗೆ ತಂದು, “ನೀವು ಆ ಕಡಿ ಹಿಡೀರಿ, ನೀವು ಈ ಕಡಿ ಹಿಡೀರಿ. ಅಲುಗಾಡಬ್ಯಾಡ್ರಿ,” ಎಂದರು. ಇಬ್ಬರೂ ಹಿಡಿದರು. ಗರಗಸ ಆಡುವಷ್ಟು ಹೊತ್ತು ಅವರು ಒಬ್ಬರನ್ನೊಬ್ಬರು ನೋಡುತ್ತ ಬಾಯಿ ಮುಚ್ಚಿಕೊಂಡು ನಿಂತಿದ್ದರು. ರಾಜಿಯಾಗುತ್ತಾರೆಂದು ನಾನು ತಿಳಿದೆ. ಆಗಲಿಲ್ಲ. ಹಲಗೆ ಮಾತ್ರ ನೇರವಾಗಿ ಎರಡಾಯಿತು.

ಇತ್ತ ಮನೆಯಲ್ಲಿ ಅವ್ವ ಖಾಲಿ ಕೋಣೆಯನ್ನು ಒರೆಸಿ ಹೊಲಿಗೆ ಯಂತ್ರ ಇಟ್ಟಳು. ಓಣಿಯ ಹುಡುಗಿಯರು ಕಲಿಯಲು ಬಂದರು. ಇನ್ನೆರಡು ಯಂತ್ರಗಳು ಬಂದವು.

ಕೊನೆಗೆ ವಾಡೆ ಬಿತ್ತು, ತೊಲೆ ಬಂತು, ಕಾಲು ತಯಾರಾಯಿತು. ಉಸ್ತಾದರೇ ಟೆಂಪೊದಲ್ಲಿ ಮೇಜಿನ ಜೊತೆ ಬಂದಿಳಿದರು. ಬಾಗಿಲಲ್ಲಿ ಅವ್ವ ನಿಂತಿದ್ದಳು. ಕೈಯಲ್ಲಿ ಕತ್ತರಿ ಇತ್ತು.

“ಎಲ್ಲಿ ಇಡೂದ್ರಿ ಇದನ್ನ?” ಎಂದಳು.

ಉಸ್ತಾದರು ಒಳಗೆ ಇಣುಕಿದರು. ಹುಡುಗಿಯರು ತಲೆ ತಗ್ಗಿಸಿ ಕಾಜಾ ಹೊಲಿಯುತ್ತಿದ್ದರು.

“ಜಗಾ ಇಲ್ಲ ಬಿಡ್ರಿ, ವೈನಿ,” ಎಂದರು ಉಸ್ತಾದರು.

ಅಪ್ಪ ಮೇಜಿನ ಹೊಸ ಕಾಲನ್ನು ಮುಟ್ಟಿ ನೋಡಿದರು. ಉಸ್ತಾದರಿಗೆ ಊಟ ಹಾಕಿದೆವು. ಮೇಜು ಅದೇ ಟೆಂಪೊದಲ್ಲಿ ಬಸವಕಲ್ಯಾಣಕ್ಕೆ ಮರಳಿತು. ಮರುವಾರ ಅಪ್ಪ ಎಂದಿನಂತೆ ಬಸ್ಸು ಹತ್ತಿದರು.

ಹೀಗೇ ವರ್ಷಗಳು ಕಳೆದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ರೆಡಿಮೇಡ್ ಬಟ್ಟೆಗಳು ಹೆಚ್ಚಾಗಿ ಅವ್ವನ ಬಳಿ ಕಲಿಯುವವರು ಕಡಿಮೆಯಾದರು. ಕೋಣೆ ಮತ್ತೆ ಖಾಲಿಯಾಯಿತು. ಅಪ್ಪನಿಗೂ ಮೊಣಕಾಲು ನೋವು, ಬಸ್ಸು ಹತ್ತುವುದು ಕಷ್ಟ. “ನಡೀರಿ, ನಿಮ್ಮ ಮೇಜು ತರೂಣು,” ಎಂದು ಅವ್ವನೇ ಹೊರಟಳು. ನಾನೂ ಹೋದೆ. ಅವ್ವ ಆ ಅಂಗಡಿಯನ್ನು ನೋಡಿದ್ದು ಅದೇ ಮೊದಲು.

ಉಸ್ತಾದರಿಗೆ ಬಹಳ ವಯಸ್ಸಾಗಿತ್ತು, ಕೆಮ್ಮು ಬೇರೆ. ಗಿರಾಕಿಗಳಿರಲಿಲ್ಲ. ಮೇಜಿನ ಮುಂದೆ ಅಪ್ಪ ಕೂರುವ ಕುರ್ಚಿಯ ಮೇಲೆ ಮಡಿಸಿದ ಚಾದರವೊಂದನ್ನು ಹಾಸಿದ್ದರು. ಅವ್ವನಿಗೆ ತಮ್ಮ ಸ್ಟೂಲು ಕೊಟ್ಟು, ತಾವು ಹಲಗೆಯ ರಾಶಿಯ ಮೇಲೆ ಕೂತರು. ಚಾ ತರಿಸಿದರು. ಅಪ್ಪನಿಗೆ ಸಕ್ಕರೆ ಇಲ್ಲದ ಚಾ ಬಂತು, ಯಾರೂ ಹೇಳದೆ.

ಅವ್ವ ಮೇಜಿನ ಮಾತೆತ್ತಲಿಲ್ಲ. ಉಸ್ತಾದರ ಮೊಮ್ಮಕ್ಕಳ ವಿಷಯ ಕೇಳಿದಳು, ಕೆಮ್ಮಿಗೆ ಏನು ತೊಗೋತೀರಿ ಎಂದು ಕೇಳಿದಳು. ಆಮೇಲೆ ಎದ್ದೆವು.

ವಾಪಸು ಬರುವಾಗ ಬಸ್ಸು ರಾಜೇಶ್ವರ ದಾಟಿದ ಮೇಲೆ ಅಪ್ಪ ಕೇಳಿದರು: “ಯಾಕ ಕೇಳಲಿಲ್ಲ?”

“ತಂದ್ರ ನೀವು ಮನ್ಯಾಗ ಕುಂದ್ರತೀರಿ. ಅವ್ರ ಅಂಗಡ್ಯಾಗ ಯಾರು ಕುಂದ್ರತಾರ್ರಿ?” ಎಂದಳು ಅವ್ವ.

ಅಪ್ಪ ಕಿಟಕಿಯ ಕಡೆ ತಿರುಗಿದರು. ಹೊರಗೆ ತೊಗರಿ ಹೂಬಿಟ್ಟಿತ್ತು. ಹುಮನಾಬಾದಿನಲ್ಲಿ ಇಳಿಯುವಾಗ ಅವ್ವ ಅವರ ರಟ್ಟೆ ಹಿಡಿದುಕೊಂಡಳು.