ಇಟಲಿ ಸೈಕಲ್ಲಿನ ಬಾಲ ಮುರಿದ ಮೂರು

೨೦೧೨ರಲ್ಲಿ ನಾನು ಪೀಣ್ಯ ಎರಡನೇ ಹಂತದ ಒಂದು ಟೂಲ್ ರೂಮಿನಲ್ಲಿ ಮಾಪನ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಕಾರ್ಖಾನೆಯಲ್ಲಿ ತಯಾರಾದ ಪ್ರತಿ ಗೇಜು, ಪ್ರತಿ ಅಚ್ಚು ನನ್ನ ಎ.ಸಿ. ಕೋಣೆಗೆ ಬಂದು ಅಳತೆ ಕೊಟ್ಟು ಹೋಗಬೇಕು. ಸರಿಯಿದ್ದರೆ ಹಸಿರು ಸ್ಟಿಕ್ಕರ್, ಇಲ್ಲದಿದ್ದರೆ ಕೆಂಪು. ಹಸಿರು ಸ್ಟಿಕ್ಕರಿನ ಕೊನೆಯಲ್ಲಿ ‘ಮುಂದಿನ ತಪಾಸಣೆ’ ಎಂದು ಒಂದು ಸಾಲಿರುತ್ತದೆ; ಅಲ್ಲಿ ದಿನಾಂಕ ಬರೆಯದೆ ನಾನು ಯಾವುದನ್ನೂ ಹೊರಗೆ ಬಿಟ್ಟವಳಲ್ಲ. ಸರ್ಫೇಸ್ ಪ್ಲೇಟ್, ಅಂದರೆ ಎಲ್ಲ ಅಳತೆಗೂ ಆಧಾರವಾದ ಸಪಾಟು ಗ್ರಾನೈಟ್ ಕಲ್ಲಿನ ಮೇಲೆ ಒಮ್ಮೆ ಕಾರ್ಖಾನೆಯ ಯಜಮಾನರೇ ಕಾಫಿ ಲೋಟ ಇಟ್ಟಾಗ, ಎತ್ತಿ ಅವರ ಕೈಗೇ ಕೊಟ್ಟಿದ್ದೆ. ಹಿಂದಿನಿಂದ ನನಗೆ ಏನೇನು ಹೆಸರಿತ್ತೋ ಗೊತ್ತಿಲ್ಲ, ಎದುರಿಗೆ ಮಾತ್ರ ಎಲ್ಲರೂ ಮೇಡಂ ಎನ್ನುತ್ತಿದ್ದರು.

ಆ ಕಾರ್ಖಾನೆಯಲ್ಲಿ ಅಳತೆಯೇ ಇಲ್ಲದೆ ಕೆಂಪು ಸ್ಟಿಕ್ಕರ್ ಅಂಟಿಸಿಕೊಂಡವನು ಸ್ಟೋರ್ಸಿನ ಸಿದ್ದಪ್ಪ. ಗದಗಿನ ಕಡೆಯವನು, ರಾಜಗೋಪಾಲನಗರದಲ್ಲಿ ಬಾಡಿಗೆ ಮನೆ. ಎರಡು ಶೆಡ್ಡುಗಳ ನಡುವೆ ಓಡಾಡಲು ಅವನಿಗೆ ಕಾರ್ಖಾನೆಯದೊಂದು ಸೈಕಲ್ಲಿತ್ತು. ೨೦೦೬ರಲ್ಲಿ ಅದು ಇದ್ದಕ್ಕಿದ್ದಂತೆ ಕಾಣೆಯಾಯಿತು. ಹತ್ತುತ್ತಿದ್ದವನು ಅವನೊಬ್ಬನೇ, ಆದ್ದರಿಂದ ಮಾರಿಕೊಂಡವನೂ ಅವನೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಯಾರೂ ದೂರು ಕೊಡಲಿಲ್ಲ, ಅವನನ್ನು ಕೆಲಸದಿಂದ ತೆಗೆಯಲೂ ಇಲ್ಲ. ಅದರ ಬದಲು ಆರು ವರ್ಷ ಟೀ ಹೊತ್ತಿನಲ್ಲಿ ನಕ್ಕರು.

"ಸಿದ್ದಪ್ಪ, ಸೈಕಲ್ ಎಷ್ಟಕ್ಕೆ ಹೋಯ್ತೋ?" ಎಂದು ಒಬ್ಬ ಕೇಳುವುದು, ಉಳಿದವರು ನಗುವುದು. ಯಜಮಾನರೂ ಜೊತೆಗೂಡಿ ನಗುತ್ತಿದ್ದರು. ಸಿದ್ದಪ್ಪ ಆ ಸೈಕಲ್ಲಿನ ಪಂಪನ್ನು ಸ್ಟೋರ್ಸಿನ ಗೋಡೆಗೆ ನೇತುಹಾಕಿದ್ದ. "ಮಾರೂದಿದ್ರ ಪಂಪ್ ಯಾಕ ಬಿಟ್ಟು ಮಾರತಿದ್ದೆರೀ?" ಎಂಬುದೇ ಅವನ ವಾದ. ಬರುವ ಮಾರ್ಚಿಗೆ ಅವನ ನಿವೃತ್ತಿ. ಕಳ್ಳನೆಂಬ ಹೆಸರು ಹೊತ್ತುಕೊಂಡೇ ಊರಿಗೆ ಹೋಗಬೇಕಲ್ಲ ಎಂಬ ಕೊರಗು ಅವನನ್ನು ತಿನ್ನುತ್ತಿತ್ತು.

ಆಯುಧಪೂಜೆ ಹತ್ತಿರವಾದಾಗ ಯಜಮಾನರ ಅಳಿಯ ವೀರೇಶ ಒಂದು ಸೈಕಲ್ ಹೊತ್ತು ಬಂದ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. ಆ ಕಾಲಕ್ಕೆ ಅಲ್ಲಿನವರಿಗೆ ಸೈಕಲ್ ಹುಚ್ಚು ಹಿಡಿದಿತ್ತು. ವಾರವೆಲ್ಲ ಆಫೀಸಿಗೆ ಕಾರಿನಲ್ಲಿ ಹೋಗಿ, ಭಾನುವಾರ ಅದೇ ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ಸೈಕಲ್ ತುಳಿಯಲು ಹೋಗುತ್ತಿದ್ದರು. ಇವನು ತಂದದ್ದು ಕಾಡುಗೋಡಿಯ ಹಳೇ ಸೈಕಲ್ ಅಂಗಡಿಯಲ್ಲಿ ಕೊಂಡ ರೋಡ್ ಸೈಕಲ್: ಕೆಳಗೆ ಬಾಗಿದ ಹ್ಯಾಂಡಲ್, ತೆಳು ಚಕ್ರ, ಮೈಗೆಲ್ಲ ಕಪ್ಪು ಬಣ್ಣ. ತಯಾರಕರ ಹೆಸರಾಗಲಿ ಬಿಲ್ಲೆಯಾಗಲಿ ಎಲ್ಲೂ ಇರಲಿಲ್ಲ.

"ಮೇಡಂ, ಇದು ಇಟಾಲಿಯನ್. ಅರವತ್ತರ ದಶಕದ್ದು," ಎಂದ, ಮಗುವಿನ ಜಾತಕ ಹೇಳುವವನಂತೆ. ಫ್ರೇಮಿನ ಅಡಿಯಲ್ಲಿ 317 ಎಂಬ ಸಂಖ್ಯೆ ಒತ್ತಿದ್ದರು. ಅದರ ಫೋಟೋವನ್ನು ಅವನು ಇಂಟರ್ನೆಟ್ಟಿನ ಹಳೇ ಸೈಕಲ್ ಪ್ರಿಯರ ಗುಂಪಿಗೆ ಹಾಕಿದ್ದ. ಮಾರ್ಚ್ ಹದಿನೇಳರಂದು ತಯಾರಾದದ್ದು ಎಂದು ಅಲ್ಲೊಬ್ಬ ಪಂಡಿತ, ಪಂದ್ಯದ ತಂಡಕ್ಕೆಂದೇ ಮಾಡಿದ್ದು ಎಂದು ಇನ್ನೊಬ್ಬ. ಇವನು ಎರಡನ್ನೂ ನಂಬಿದ್ದ.

ಅವನ ಕಷ್ಟ ಬೇರೆಯೇ ಇತ್ತು. ಪೆಡಲಿನ ಅಚ್ಚು ತಿರುಗುವ ಅಡ್ಡ ಕೊಳವೆಗೆ ಬಾಟಮ್ ಬ್ರಾಕೆಟ್ ಎನ್ನುತ್ತಾರೆ. ಅದರ ಎರಡು ಬದಿಗೂ ಥ್ರೆಡ್, ಅಂದರೆ ತಿರುಪಿನ ಸುತ್ತು, ಇರುವ ಒಂದೊಂದು ಕಪ್. ಎಡಗಡೆಯದು ಬಂದಿತ್ತು, ಬಲಗಡೆಯದು ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ.

"ಹೇಗೆ ತಿರುಗಿಸಿದಿರಿ?" ಎಂದೆ.

"ಬಲಗಡೆದು ಉಲ್ಟಾ ಥ್ರೆಡ್ ಅಂತ ನೆಟ್ಟಲ್ಲಿತ್ತು ಮೇಡಂ. ನಾನೂ ನನ್ನ ಫ್ರೆಂಡೂ ಸೇರ್ಕೊಂಡು ಉಲ್ಟಾನೇ ತಿರುಗಿಸಿದ್ವಿ. ಸಕ್ಕತ್ ಫೋರ್ಸ್ ಹಾಕಿದ್ವಿ."

ಕಳಚಿದ ಎಡಗಡೆಯ ಕಪ್‌ಗೆ ವರ್ನಿಯರ್ ಹಿಡಿದು ಅಗಲ ಅಳೆದೆ. ಮೂವತ್ತಾರು ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಥ್ರೆಡ್ ಎಣಿಸುವ ಪಿಚ್ ಗೇಜ್ ಹಾಕಿದರೆ ಇಂಚಿಗೆ ಇಪ್ಪತ್ತನಾಲ್ಕು ಸುತ್ತು. ಅವನ ಬ್ಯಾಗಿನಲ್ಲೇ ಇದ್ದ, ನೆಟ್ಟಿನಿಂದ ತೆಗೆದ ಸೈಕಲ್ ಥ್ರೆಡ್ಡುಗಳ ಅಳತೆಯ ಕೋಷ್ಟಕವನ್ನು ಓದಲು ಹೇಳಿದೆ. ಬಲಗಡೆ ಉಲ್ಟಾ ಥ್ರೆಡ್ ಇರುವುದು ಇಂಗ್ಲಿಷ್ ಪದ್ಧತಿಯಲ್ಲಿ. ಅದರ ಕಪ್ ಇದಕ್ಕಿಂತ ಚಿಕ್ಕದು. ಮೂವತ್ತಾರರದ್ದು ಇಟಲಿ, ಅದರಲ್ಲಿ ಎರಡು ಬದಿಯೂ ಮಾಮೂಲಿ ಥ್ರೆಡ್. ಸೈಕಲ್ ಇಟಲಿಯದೆಂದು ಊರಿಗೆಲ್ಲ ಸಾರಿದವನು ಇಂಗ್ಲಿಷ್ ರೀತಿಯಲ್ಲಿ ಬಿಚ್ಚಲು ಹೋಗಿ ಬಿಗಿ ಮಾಡುತ್ತಾ ಕೂತಿದ್ದ. ಸಿದ್ದಪ್ಪ ಸ್ಟೋರ್ಸಿನಿಂದ ಉದ್ದನೆಯ ಪೈಪ್ ತಂದು ಸ್ಪ್ಯಾನರಿಗೆ ಸಿಕ್ಕಿಸಿ ಸರಿಯಾದ ದಿಕ್ಕಿಗೆ ಒಮ್ಮೆ ಎಳೆದ. ಕಪ್ ಕಿರುಗುಟ್ಟಿ ಸಡಿಲವಾಯಿತು.

"ಹಾಗಾದ್ರೆ ಇಟಾಲಿಯನ್ನೇ!" ಎಂದು ವೀರೇಶ ಕುಣಿದುಬಿಟ್ಟ. ನಾನು ಸಂಖ್ಯೆ ನೋಡಲೆಂದು ಬಗ್ಗಿದೆ. ಬಗ್ಗಿದವಳು ಹಾಗೇ ನಿಂತೆ.

ಆ ಮೂರರ ಕೆಳಗಿನ ಬಾಲ ಮುರಿದಿತ್ತು.

ಆ ಬಾಲ ಮುರಿದ ಮೂರನ್ನು ನಾನು ಇಪ್ಪತ್ತು ವರ್ಷ ನೋಡಿದ್ದೆ. ನಮ್ಮ ಟೂಲ್ ರೂಮಿನ ನಂಬರ್ ಪಂಚಿನಲ್ಲಿ, ಅಂದರೆ ಲೋಹದ ಮೇಲೆ ಅಂಕಿ ಒತ್ತುವ ಉಳಿಗಳಲ್ಲಿ, ಮೂರರ ತುದಿ ಮುರಿದಿತ್ತು. ಹೊಸ ಪಂಚ್ ತರಿಸಿ ಎಂದು ಕೇಳಿ ಕೇಳಿ ನನಗೇ ಸಾಕಾಗಿತ್ತು. ಕಾರ್ಖಾನೆಯ ಸ್ವತ್ತಿಗೆಲ್ಲ ಅದರಲ್ಲೇ ಸಂಖ್ಯೆ ಒತ್ತುತ್ತಿದ್ದರು. ಇಂಟರ್ನೆಟ್ಟಿನ ಪಂಡಿತರು ಹಬ್ಬ ಮಾಡಿದ ಆ 317 ಒತ್ತಿದ್ದು ಪೀಣ್ಯದಲ್ಲೇ.

ಆದರೆ ಒಂದೇ ಅಳತೆಗೆ ಸಹಿ ಹಾಕುವ ಅಭ್ಯಾಸ ನನಗಿಲ್ಲ. ಪೇಂಟ್ ರಿಮೂವರ್ ತರಿಸಿ ಹ್ಯಾಂಡಲ್ ಕೂರುವ ಮುಂದಿನ ಕೊಳವೆಗೆ ಸವರಿಸಿದೆ. ಕಪ್ಪಿನ ಕೆಳಗೆ ಹಸಿರು, ಅದರ ಕೆಳಗೆ ಬೂದು, ಆಮೇಲೆ ನೀಲಿ. ಪದರ ಪದರದ ನಡುವೆ ಅರಿಸಿನ ಕುಂಕುಮ! ಪ್ರತಿ ಆಯುಧಪೂಜೆಗೂ ಯಂತ್ರಗಳಿಗೆ ಹೊಡೆದು ಉಳಿದ ಬಣ್ಣವನ್ನು ಯಾರೋ ಹಿಂದಿನ ವರ್ಷದ ಕುಂಕುಮದ ಮೇಲೇ ಬಳಿದಿದ್ದರು.

ಆ ಯಾರೋ ನನ್ನ ಪಕ್ಕದಲ್ಲೇ ನಿಂತಿದ್ದ. ಸಿದ್ದಪ್ಪ ಬಗ್ಗಿ ಪದರಗಳ ಮೇಲೆ ಒಂದೊಂದಾಗಿ ಬೆರಳಿಟ್ಟ.

"ಮೇಡಮ್ಮಾರ, ಈ ನೀಲಿ ಕಂಪ್ರೆಸರಿಗೆ ತಂದದ್ದರೀ. ಈ ಹಸರು ಹೊಸಾ ಲೇತ್ ಬಂದ ವರ್ಷದ್ದು. ಇದು ನನ್ನ ಸೈಕಲ್ಲರೀ! ಹ್ಯಾಂಡಲ್ ಬಗ್ಗಿ ಹೊಡೀಲಿಕ್ಕೆ ಬೆನ್ನು ಬ್ಯಾನಿ ಆಗತೈತಂತ ನಾನಽ ಮ್ಯಾಲ ಮಾಡಿ ತಿರುವಿದ್ದೆ. ಹಿಂಗ ಕೆಳಗ ಮಾಡಿದ್ರ ಹ್ಯಾಂಗ ಗುರ್ತು ಹಿಡೀಲಿ?"

ನಾನು ಸೇರುವ ಮೊದಲು, ಒಂದು ಯಂತ್ರ ಕೂರಿಸಲು ಬಂದಿದ್ದ ವಿದೇಶಿ ಎಂಜಿನಿಯರ್ ಹೋಗುವಾಗ ಬಿಟ್ಟುಹೋದ ಸೈಕಲ್ಲಂತೆ ಅದು. ಯಾವ ದೇಶದವನೆಂದು ಯಾರೂ ಕೇಳಿರಲಿಲ್ಲ. ಅದರ ಮೇಲೆ ನಾವು ಕಾಟನ್ ವೇಸ್ಟಿನ ಮೂಟೆ, ಕ್ಯಾಂಟೀನಿನ ಚಿತ್ರಾನ್ನ ಎಲ್ಲ ಸಾಗಿಸಿದ್ದೆವು.

ಇಷ್ಟರಲ್ಲಿ ಯಜಮಾನರೂ ಬಂದರು. "ನೋಡಿದ್ರಾ, ಮಾರಿದ್ದು ಸಿಕ್ಕೇಬಿಡ್ತು," ಎಂದು ನಕ್ಕರು. ನನಗೆ ಸಿಟ್ಟು ಬಂತು. ಅಂಗಡಿಯವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಲು ವೀರೇಶನಿಗೆ ಹೇಳಿದೆ.

"ಅದಾ ಅಣ್ಣ? ಪೀಣ್ಯದಲ್ಲಿ ಗುಜರಿ ಎತ್ತಕ್ಕೆ ನಾನೇ ಲಾರಿ ತಗೊಂಡ್ ಹೋಗಿದ್ದೆ," ಎಂದಿತು ಆ ಕಡೆಯ ದನಿ. "ಆಡಿಟ್ಟು ಅಂತ ಓನರ್ರೇ ಭಾನುವಾರ ನಿಂತ್ಕೊಂಡು ಲೋಡ್ ಮಾಡಿಸಿದ್ರು. ಸೈಕಲ್ಲೂನಾ ಸಾರ್ ಅಂದೆ. ಕಾಂಪೌಂಡ್ ಪಕ್ಕ ಇರೋದೆಲ್ಲ ಹಾಕಯ್ಯ ಅಂದ್ರು. ಟಯರ್ ಸೈಜೇ ಸಿಗದೆ ಆರು ವರ್ಷ ನೇತಾಕಿದ್ದೆ."

ಯಜಮಾನರ ನಗು ಅರ್ಧಕ್ಕೇ ನಿಂತಿತು. ೨೦೦೬ರ ಐಎಸ್ಒ ಗುಣಮಟ್ಟ ತಪಾಸಣೆಯ ಹಿಂದಿನ ಆ ಭಾನುವಾರ ಅವರಿಗೆ ಈಗ ನೆನಪಾಗಿರಬೇಕು. "ಆಗಿದ್ದು ಆಗೋಯ್ತು ಸಿದ್ದಪ್ಪ. ನಿನಗೊಂದು ಹೊಸ ಸೈಕಲ್ ಕೊಡಿಸ್ತೀನಿ," ಎಂದರು.

"ಸೈಕಲ್ ಬ್ಯಾಡ್ರಿ ಸಾಹೇಬ್ರ," ಎಂದ ಸಿದ್ದಪ್ಪ. "ಮಂದಿ ಮುಂದ ನಕ್ಕೀರಿ. ಹೇಳೂದೂ ಮಂದಿ ಮುಂದಽ ಹೇಳ್ರಿ."

ಯಜಮಾನರು ಕೋಪಿಷ್ಠರು, ಆದರೆ ಕೆಟ್ಟವರಲ್ಲ. ಆಯುಧಪೂಜೆಯ ದಿನ ಯಂತ್ರಗಳ ಸಾಲಿನಲ್ಲಿ ಆ ಸೈಕಲ್ಲಿಗೂ ಹಾರ ಬಿತ್ತು. ಪ್ರತಿ ವರ್ಷ ತಾವೇ ಒಡೆಯುತ್ತಿದ್ದ ಬೂದುಗುಂಬಳವನ್ನು ಅವರು ಸಿದ್ದಪ್ಪನ ಕೈಗಿಟ್ಟು, "ಸೈಕಲ್ ಗುಜರಿಗೆ ಹಾಕಿದ್ದು ನಾನು, ಇವನಲ್ಲ. ಇನ್ನು ಯಾರಾದ್ರೂ ನಗೋದಿದ್ರೆ ನನ್ನ ನೋಡಿ ನಗ್ರಪ್ಪ," ಎಂದು ಎಲ್ಲರೆದುರು ಗಟ್ಟಿಯಾಗಿ ಹೇಳಿದರು. ಯಾರೂ ನಗಲಿಲ್ಲ. ಸಿದ್ದಪ್ಪ ಒಡೆದ ರಭಸಕ್ಕೆ ಕುಂಬಳದ ಚೂರೊಂದು ಯಜಮಾನರ ಬಿಳಿ ಪ್ಯಾಂಟಿಗೇ ಹಾರಿತು. ಆಗ ಎಲ್ಲರೂ ನಕ್ಕರು, ಸಿದ್ದಪ್ಪನೂ.

ಸೈಕಲ್ಲನ್ನು ಅವನು ಇಟ್ಟುಕೊಳ್ಳಲಿಲ್ಲ. ಗೋಡೆಯ ಪಂಪನ್ನೂ ಇಳಿಸಿ ವೀರೇಶನಿಗೆ ಕೊಟ್ಟು, "ತಗೋರಿ ಅಳ್ಯಾರ. ಬ್ರೇಕ್ ಮಾತ್ರ ನಂಬಬ್ಯಾಡ್ರಿ, ಅದು ಮದಲಿಂದನೂ ಹಿಡಿಯಾಂಗಿಲ್ಲ," ಎಂದ. ವೀರೇಶ ಫ್ರೇಮಿಗೆಲ್ಲ ಹೊಸ ಬಣ್ಣ ಹೊಡೆಸಿದ. ಆದರೆ ಮುಂದಿನ ಕೊಳವೆಯಲ್ಲಿ ಅಂಗೈಯಗಲ ಜಾಗವನ್ನು ಆ ಪದರಗಳ ಸಮೇತ ಹಾಗೇ ಉಳಿಸಿಕೊಂಡ. ಇಂಟರ್ನೆಟ್ಟಿನ ಪಂಡಿತರು ಆ ಕುಂಕುಮಕ್ಕೆ ಏನು ಅರ್ಥ ಹಚ್ಚಿದರೋ ನಾನು ಕೇಳಲಿಲ್ಲ.

ಅಳೆಯದೆ ಬಾಯಿ ಬಿಡಬಾರದೆಂದು ನನ್ನ ವೃತ್ತಿ ಮೊದಲ ದಿನವೇ ಕಲಿಸಿತ್ತು. ಅದು ಗೇಜಿಗಿಂತ ಹೆಚ್ಚಾಗಿ ಮನುಷ್ಯರಿಗೆ ಬೇಕಾದ ನಿಯಮವೆಂದು ಕಲಿಸಿದ್ದು ಆ ಸೈಕಲ್ಲು. ಪೂಜೆ ಮುಗಿದ ಮೇಲೆ ಸಿದ್ದಪ್ಪ ಚಪ್ಪಲಿ ಬಿಟ್ಟು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದ.

"ಮೇಡಮ್ಮಾರ, ನನಗೂ ಒಂದ್ ಹಸರ್ ಚೀಟಿ ಕೊಡ್ರಿ."

ತಮಾಷೆಯೆಂದು ನಕ್ಕೆ. ಅವನು ನಗಲಿಲ್ಲ. ಹಸಿರು ಸ್ಟಿಕ್ಕರ್ ತೆಗೆದು ಅವನ ಹೆಸರು ಬರೆದೆ, ದಿನಾಂಕ ಬರೆದೆ, ಸಹಿ ಹಾಕಿದೆ. ‘ಮುಂದಿನ ತಪಾಸಣೆ’ ಎಂಬಲ್ಲಿ ಅಭ್ಯಾಸಬಲದಿಂದ ಪೆನ್ನು ನಿಂತಿತು. ಆ ಸಾಲಿನ ಮೇಲೆ ಅಡ್ಡಗೆರೆ ಎಳೆದು ಕೊಟ್ಟೆ.

ಅವನು ಅದನ್ನು ಗುರುತಿನ ಚೀಟಿಯ ಮೇಲೆ, ತನ್ನ ಫೋಟೋದ ಪಕ್ಕದಲ್ಲಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿಕೊಂಡ.